ಕೆಳಗಿನ ಕೂಗು

ಹೊಸದುರ್ಗದಿಂದ ಮಾಡದಕೆರೆ ದಾಟಿ, ಎಡಕ್ಕೆ ಸಿಗುವ ಮಣ್ಣುದಾರಿ ಹಿಡಿದು ಗುಡ್ಡದ ಕಡೆ ಮುಖ ಮಾಡಿದರೆ ಕಂಬದಗೊಂದಿ. ಊರು ಅಂದರೆ ನೂರಿಪ್ಪತ್ತು ಮನೆ, ಹಳೇ ಕೋಟೆಯ ಒಂದು ಮುರುಕು ಬತೇರಿ, ಮೂಗು ಹೋದ ನಾಲ್ಕು ವೀರಗಲ್ಲು, ಮತ್ತೆ ಒಂದು ನೀರು. ಆ ನೀರನ್ನು ಈಗ ಎಲ್ಲರೂ ಫಾಲ್ಸು ಅನ್ನುತ್ತಾರೆ. ಮೊದಲು ಅದಕ್ಕೆ ತೂಬಿನ ಬೀಳು ಅಂತ ಹೆಸರಿತ್ತು. ಹೆಸರು ಬದಲಾದದ್ದು ನೀರಿಗೇನೂ ಗೊತ್ತಿಲ್ಲ.

ಆ ನೀರು ತಾನಾಗಿ ಬೀಳುವುದಲ್ಲ, ಬೀಳಿಸುವುದು. ಪಾಳೇಗಾರರ ಕಾಲದಲ್ಲಿ ಎರಡು ಗುಡ್ಡದ ನಡುವೆ ಏರಿ ಹಾಕಿ ಕೆರೆ ಕಟ್ಟಿದರು. ಕೆರೆ ಮೇಲೆ, ಹೊಲ ಕೆಳಗೆ, ನಡುವೆ ಹತ್ತಾಳೆತ್ತರದ ಬಂಡೆ. ತೂಬು ಎತ್ತಿದರೆ ನೀರು ಕಲ್ಲುಗಾಲುವೆಯಲ್ಲಿ ಓಡಿಬಂದು, ಬಂಡೆಯ ಅಂಚಿನಿಂದ ಕೆಳಗಿನ ಮಡುವಿಗೆ ಧುಮುಕಿ, ಅಲ್ಲಿಂದ ಹೊಲಗಳಿಗೆ ಹೋಗುತ್ತದೆ. ತೂಬು ಮುಚ್ಚಿದರೆ ಬರೀ ಬಂಡೆ, ಅದರ ಮೇಲೆ ಕೋತಿಗಳು.

ತೂಬು ಎತ್ತಿ ಮುಚ್ಚುವ, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ನಿಗಾ ಇಡುವ ಮನುಷ್ಯನಿಗೆ ನೀರುಗಂಟಿ ಅನ್ನುತ್ತಾರೆ. ಕಂಬದಗೊಂದಿಯ ನೀರುಗಂಟಿ ಚಿತ್ರಲಿಂಗಪ್ಪ. ಅವನ ಅಪ್ಪ ನೀರುಗಂಟಿ, ಅಜ್ಜ ನೀರುಗಂಟಿ, ಅದರ ಹಿಂದಿನವರ ಹೆಸರು ಯಾರಿಗೂ ನೆನಪಿಲ್ಲ, ಕೆಲಸ ಮಾತ್ರ ನೆನಪಿದೆ. ತೆಳ್ಳಗೆ, ಉದ್ದಕ್ಕೆ, ಬೆನ್ನು ಸ್ವಲ್ಪ ಬಾಗಿದ ಆಳು. ಹಾರೆ ಹಿಡಿದು ಹಿಡಿದು ಅಂಗೈಗಳು ಎಮ್ಮೆಯ ಮೊಣಕಾಲಿನಂತಾಗಿದ್ದವು.

ತೂಬಿನ ಕೆಲಸ ಹುಡುಗಾಟದ್ದಲ್ಲ. ಎರಡು ಕಲ್ಲುಕಂಬಗಳ ನಡುವೆ ನೀರಿನೊಳಗೆ ಇಳಿದಿರುವ ಮತ್ತಿಮರದ ಗೂಟವನ್ನು ಹಾರೆ ಕೊಟ್ಟು ಮೀಟಬೇಕು. ಒಮ್ಮೆ ಎದ್ದರೆ ಮತ್ತೆ ಕೂರಿಸಲು ಮೂರಾಳು, ಅರ್ಧ ತಾಸು. ಮೊದಲ ನೀರು ಕಾಲುವೆಯಲ್ಲಿದ್ದ ಕಲ್ಲು, ಕೊರಡು, ಜಾಲಿಮುಳ್ಳು ಎಲ್ಲವನ್ನೂ ಬಾಚಿಕೊಂಡು ಬಂಡೆಯಿಂದ ಬೀಳುತ್ತದೆ. ಆ ಹೊತ್ತಿನಲ್ಲಿ ಮಡುವಿನೊಳಗೆ ಬಟ್ಟೆ ಒಗೆಯುವವರೋ ಎಮ್ಮೆ ಮೈ ತೊಳೆಯುವವರೋ ಇದ್ದರೆ ಅವರ ಕಥೆ ಮುಗಿಯಿತು. ತೂಬಿನ ಹತ್ತಿರ ನಿಂತವನಿಗೆ ಮಡು ಕಾಣುವುದಿಲ್ಲ, ಬಂಡೆ ಅಡ್ಡ. ಅದಕ್ಕೇ ಊರಲ್ಲಿ ಒಂದು ಕಟ್ಟಳೆ. ನೀರುಗಂಟಿ ಮೇಲಿಂದ ಮೂರು ಸಲ ಕೂಗಬೇಕು:

"ಗಂಗವ್ವ ಹೊಂಟವ್ಳೇ... ದಾರಿ ಬಿಡ್ರೋ..."

ಕೆಳಗೆ ಮಡುವಿನ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ನಿಂತವರು ಸುತ್ತ ನೋಡಿ, ಎಲ್ಲರನ್ನೂ ಎಬ್ಬಿಸಿ ದಡ ಸೇರಿಸಿ, ಆಮೇಲೆ ಉತ್ತರ ಕೊಡಬೇಕು:

"ಬರಲಿ ತಾಯೀ..."

ಆ ಉತ್ತರ ಬರುವ ತನಕ ಹಾರೆ ಮುಟ್ಟುವಂತಿಲ್ಲ. ಹೊಲ ಬಾಯಿ ಬಿಟ್ಟರೂ ಸರಿ, ಊರ ಹಿರಿಯ ಎದೆ ಮೇಲೆ ಕೂತರೂ ಸರಿ. ಇನ್ನೂ ಒಂದು ಮಾತಿದೆ. ಮೇಲೆ ಹಾರೆ ಹಿಡಿಯುವ ಕೈ, ಕೆಳಗೆ ಬರಲಿ ಅನ್ನುವ ಬಾಯಿ, ಎರಡೂ ಒಂದೇ ಒಲೆಯ ಅನ್ನ ಉಂಡಿರಬೇಕು. ಬೇರೆಯವರಾದರೆ ಅವಸರಕ್ಕೆ ಸುಳ್ಳು ಹೇಳಿಯಾರು, ಮನೆಯವರು ಹೇಳುತ್ತಾರೆಯೇ? ಹಳಬರ ಲೆಕ್ಕಾಚಾರ ಅದು.

ಹಾಗಾಗಿ ಚಿತ್ರಲಿಂಗಪ್ಪನಿಗೆ ಹೆಣ್ಣು ನೋಡಲು ಹೋದದ್ದೂ ಬೇರೆಯೇ ಥರ. ಐಮಂಗಲದ ಕಡೆಯ ಒಂದು ಹಳ್ಳಿ. ಹುಡುಗಿ ಅನುಸೂಯ ತಲೆ ತಗ್ಗಿಸಿ ಬಂದು ಚಾಪೆಯ ಮೇಲೆ ಕೂತಳು. ಅವಳ ತಾಯಿ, "ಒಂದು ದೇವರನಾಮ ಹೇಳವ್ವ" ಅಂದಳು. ಚಿತ್ರಲಿಂಗಪ್ಪನ ಅಪ್ಪ ಓಬಯ್ಯ ಕೈ ಅಡ್ಡ ಹಿಡಿದ.

"ಹಾಡು ಬ್ಯಾಡ ಕಣವ್ವ. ಹಾಡೋರು ರೇಡಿಯೋದಾಗೆ ಬೇಕಾದಷ್ಟು ಅವ್ರೆ. ಅಗೋ ಆ ಹುಣಸೇಮರ ಕಾಣ್ತೈತಲ್ಲ, ಅಲ್ಲಿ ಹೋಗಿ ನಿಂತ್ಕಂತೀನಿ. ಇಲ್ಲಿಂದ ಬರಲಿ ತಾಯಿ ಅಂತ ಕೂಗು."

"ಏನ್ ಬೀಗರೇ, ಸೊಸೆ ತಗಂತೀರೋ ಹೊಲದಾಗೆ ಹಕ್ಕಿ ಓಡ್ಸೋಳ್ನ ತಗಂತೀರೋ?" ಎಂದು ಹೆಣ್ಣಿನ ಸೋದರಮಾವ ನಕ್ಕ.

ಓಬಯ್ಯ ನಗಲಿಲ್ಲ. ಎರಡು ಹೊಲ ದಾಟಿ ಮರದ ಬುಡದಲ್ಲಿ ನಿಂತ. ಹತ್ತೊಂಬತ್ತರ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದಳು, ಒಮ್ಮೆ ಎಲ್ಲರ ಮುಖ ನೋಡಿದಳು, ಕೂಗಿದಳು. ಹುಣಸೇಮರದ ಗಿಳಿಗಳು ಒಟ್ಟಿಗೇ ಎದ್ದವು. ಓಬಯ್ಯ ಅಲ್ಲಿಂದಲೇ ಟವೆಲು ಬೀಸಿದ. "ಆತು, ಲಗ್ನ ಇಡ್ರಿ" ಅಂದದ್ದು ಇಲ್ಲಿ ಯಾರಿಗೂ ಕೇಳಲಿಲ್ಲ. ಅವನ ದನಿ ಅಷ್ಟು ದೂರ ಬರುತ್ತಿರಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ಅನುಸೂಯ ಬಂದ ಮೂರನೆಯ ದಿನವೇ ನೀರಿಗೆ ಬಂದು, ಚಪ್ಪಟೆ ಕಲ್ಲಿನ ಮೇಲೆ ನಿಂತಳು. ಮೂವತ್ತೇಳು ವರ್ಷ ನಿಂತಳು. ಗಂಡಹೆಂಡಿರು ಜಗಳವಾಡಿ ಎರಡು ದಿನ ಮಾತು ಬಿಟ್ಟಿದ್ದರೂ ತೂಬಿನ ಕೂಗು ಬಿಟ್ಟವರಲ್ಲ. ಅಂಥ ದಿನ ಅವಳು ಬಾಲಂಗೋಚಿ ಸೇರಿಸುತ್ತಿದ್ದಳು: "ಬರಲಿ ತಾಯೀ... ನೀನು ಮಾತ್ರ ಮನೀಗೆ ಬರಬ್ಯಾಡಾ...!" ಬಟ್ಟೆ ಒಗೆಯುವ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಮೇಲೆ ಚಿತ್ರಲಿಂಗಪ್ಪ ಒಬ್ಬನೇ ನಗುತ್ತಾ ಹಾರೆ ಹಾಕುತ್ತಿದ್ದ.

ಕಂಬದಗೊಂದಿಗೆ ಜನ ಬರತೊಡಗಿದ್ದು ಎರಡು ವರ್ಷದ ಹಿಂದೆ. ಚಿತ್ರದುರ್ಗದ ಯಾರೋ ಹುಡುಗರು ಬಂದು ವಿಡಿಯೋ ಮಾಡಿ ಹಾಕಿದರಂತೆ. ಮುಂದಿನ ಭಾನುವಾರ ಹತ್ತು ಬೈಕು, ಅದರ ಮುಂದಿನದಕ್ಕೆ ಒಂದು ಟಿಟಿ ವ್ಯಾನು, ಆಮೇಲೆ ಲೆಕ್ಕವಿಲ್ಲ. ಬಂದವರಿಗೆ ಒಣಬಂಡೆ ಕಂಡರೆ ಬೇಜಾರು. "ನೀರೇ ಇಲ್ವಲ್ರೀ ನಿಮ್ ಫಾಲ್ಸಲ್ಲಿ" ಎಂದು ಊರವರನ್ನೇ ಗದರುತ್ತಿದ್ದರು. ಊರಲ್ಲಿ ಎಣ್ಣೆಗಾಣ ಇಟ್ಟುಕೊಂಡಿದ್ದ, ಮಠದ ಕಡೆ ಓಡಾಟವಿದ್ದ ಮುರುಗಪ್ಪ ಕೆರೆ ಸಂಘದ ಅಧ್ಯಕ್ಷ. ಅವನು ಒಂದು ದಿನ ಚಿತ್ರಲಿಂಗಪ್ಪನನ್ನು ಕರೆಸಿದ.

"ಚಿತ್ರಣ್ಣ, ಇನ್ಮ್ಯಾಲೆ ಭಾನ್ವಾರ ಹನ್ನೊಂದಕ್ಕೆ ತೂಬು ಎತ್ತು."

"ಭಾನ್ವಾರ ಯಾರ ಹೊಲದ ಪಾಳಿ ಸಾವ್ಕಾರ್ರೇ?"

"ಹೊಲದ ಪಾಳಿ ಅಲ್ಲಪ್ಪ. ಬಂದೋರ ಪಾಳಿ."

"ನೀರು ಇರೋದು ಹೊಲಕ್ಕೆ. ನಿಂತ್ಕಂಡು ಹಲ್ಲು ಕಿಸಿಯೋದಕ್ಕಲ್ಲ."

"ನಿನ್ನ ಮಗನ್ನೇ ಗೈಡು ಮಾಡೀವಿ. ಅವನ ಹೊಟ್ಟೆ ಮ್ಯಾಲೆ ನೀನೇ ಹಾರೆ ಹಾಕ್ತೀಯೇನು?"

ಚಿತ್ರಲಿಂಗಪ್ಪನ ಮಗ ಪ್ರಸನ್ನಕುಮಾರ ಹೊಳಲ್ಕೆರೆಯಲ್ಲಿ ಬೀಜ ಗೊಬ್ಬರದ ಅಂಗಡಿಯಲ್ಲಿದ್ದು, ಅಲ್ಲಿ ಮಾಲೀಕನ ಜೊತೆ ಸರಿಹೋಗದೆ ವಾಪಸು ಬಂದು, ಆರು ತಿಂಗಳು ಜಗುಲಿಯ ಮೇಲೆ ಕೂತಿದ್ದವನು. ಈಗ ಅವನಿಗೆ ಸಂಘದ ಟೋಪಿ, ಕೊರಳಿಗೆ ಒಂದು ಸೀಟಿ. ಬಂದವರನ್ನು ಮಡುವಿನ ಎದುರಿನ ಬತೇರಿಯ ಮೆಟ್ಟಿಲ ಮೇಲೆ ನಿಲ್ಲಿಸಿ, "ಬರ್ರಿ ಅಕ್ಕ, ಈ ಕಡಿ ಬರ್ರಿ ಅಣ್ಣ, ಕಲ್ಲು ಜಾರ್ತೈತೆ" ಅನ್ನುತ್ತಾ ಓಡಾಡುವಾಗ ಅವನ ಮುಖದಲ್ಲಿ ಕಳೆ ಬಂದಿತ್ತು. ಸೊಸೆ ಸುಷ್ಮಿತಾ ಟೋಪಿಯನ್ನು ವಾರಕ್ಕೊಮ್ಮೆ ಒಗೆದು ಒಣಗಿಸುತ್ತಿದ್ದಳು. ಚಿತ್ರಲಿಂಗಪ್ಪ ಭಾನುವಾರದ ತೂಬಿಗೆ ಒಪ್ಪಿದ.

ಬಂದವರಿಗೆ ನೀರಿಗಿಂತ ಆ ಕೂಗೇ ಹೆಚ್ಚು ಹಿಡಿಸಿತು. ಮೇಲಿಂದ ಮುದುಕ, ಕೆಳಗಿಂದ ಮುದುಕಿ. ಪ್ರಸನ್ನ ಅವರಿಗೆಲ್ಲ ಹೇಳಿಕೊಟ್ಟ: "ಅವ್ವ ಕೂಗಿದ ಮ್ಯಾಲೆ ನೀವೂ ಒಂದ್ಸಲ ಕೂಗ್ರಿ, ಬರಲಿ ತಾಯಿ ಅಂತ. ಮಜಾ ಬರ್ತೈತೆ." ಅನುಸೂಯ ಮಗನನ್ನು ಗದರಿದಳು. "ಅದು ಆಟದ ಮಾತಲ್ಲ ಕಣೋ." "ನಿಂದಾದ್ಮ್ಯಾಲೆ ತಾನೆ ಕೂಗೋದು, ಏನಾಗ್ತೈತೆ ಬಿಡವ್ವ" ಅಂದ.

ಹೋದ ವರ್ಷದ ಕಾರ್ತೀಕದ ಭಾನುವಾರ. ಅನುಸೂಯಳಿಗೆ ಎರಡು ದಿನದಿಂದ ನೆಗಡಿ, ಗಂಟಲು ಕಟ್ಟಿತ್ತು. ಚಿತ್ರಲಿಂಗಪ್ಪನೇ ಮೆಣಸು ಜಜ್ಜಿ ಕಷಾಯ ಕಾಸಿಕೊಟ್ಟು ಗುಡ್ಡ ಹತ್ತಿದ. ಹನ್ನೊಂದರ ಹೊತ್ತಿಗೆ ಕಂಬದ ಹತ್ತಿರ ನಿಂತು ಒಂದು ಸಲ ಕೂಗಿದ. ಎರಡು ಸಲ ಕೂಗಿದ. ಮೂರನೆಯದನ್ನು ಕೂಗಿ ಕಾದ. ಕೆಳಗೆ ಮಾತಿಲ್ಲ. ಯಾರನ್ನೋ ದಡಕ್ಕೆ ಕಳಿಸುತ್ತಿರಬೇಕು ಅಂದುಕೊಂಡ. ಎಲೆಅಡಿಕೆ ಹಾಕಿಕೊಂಡು ಮತ್ತೂ ಕಾದ. ಆಗ ಗಾಳಿಯ ಜೊತೆ ಬಂತು:

"ಬರಲಿ ತಾಯೀ..."

ಹೆಣ್ಣುದನಿ. ಸ್ವಲ್ಪ ಬೇರೆ ಥರ ಇತ್ತು. ಪಾಪ, ಗಂಟಲು ಕಟ್ಟೈತೆ, ಕಷಾಯ ಇನ್ನೊಂದು ಲೋಟ ಕೊಡಬೇಕಿತ್ತು ಅಂದುಕೊಂಡ. ಹಾರೆ ಹಾಕಿ ಮೀಟಿದ.

ಕೆಳಗೆ ಅನುಸೂಯ ಕಲ್ಲಿನ ಮೇಲೆ ಇರಲಿಲ್ಲ. ಮಡುವಿನ ಆಚೆ ಬದಿಯಲ್ಲಿ ಆನೆಗುಂಡು ಅನ್ನುವ ದೊಡ್ಡ ಬಂಡೆ, ಅದರ ಹಿಂದೆ ನಿಂತವರು ಮೆಟ್ಟಿಲ ಮೇಲಿನವರಿಗೆ ಕಾಣುವುದಿಲ್ಲ. ಬಂದವರಲ್ಲಿ ಯಾರೋ ಒಬ್ಬಳ ಚಪ್ಪಲಿ ನೀರಿಗೆ ಬಿದ್ದು ಅಲ್ಲಿಗೆ ತೇಲಿ ಹೋಗಿತ್ತು. "ಅಜ್ಜೀ, ಹೊಸಾದು, ತಕ್ಕೊಡ್ರೀ" ಅಂದಿದ್ದರು. ತೊಡೆಮಟ್ಟದ ನೀರಲ್ಲಿ, ಪಾಚಿಗಲ್ಲಿನ ಮೇಲೆ, ಮೊಣಕಾಲು ನೋವಿನ ಹೆಂಗಸು ಒಂದೊಂದೇ ಹೆಜ್ಜೆ ಇಟ್ಟು ಹೋಗಿದ್ದಳು. ಗಂಡ ಮೂರು ಸಲ ಕೂಗಿದ್ದು ಅವಳಿಗೆ ಕೇಳಿಸಿರಲೇಬೇಕು. ಆದರೆ ಅವಳಿಗೆ ಅವಸರವಿರಲಿಲ್ಲ. ತಾನು ಬರಲಿ ಅನ್ನದೆ ನೀರು ಬರುವುದಿಲ್ಲ ಎಂಬುದು ಅವಳಿಗೆ ಹಗಲಾದರೆ ಬಿಸಿಲು ಎಂಬಷ್ಟೇ ಗೊತ್ತಿದ್ದ ಮಾತು.

ಅವಳು ಸಿಕ್ಕಿದ್ದು ಕೆಳಗಿನ ಕಾಲುವೆಯ ಕೊರಕಲಿನಲ್ಲಿ. ಆ ಚಪ್ಪಲಿಯೂ ಅಲ್ಲೇ ಸಿಕ್ಕಿತು. ಅದರ ಒಡತಿ ಒಂಟಿ ಚಪ್ಪಲಿಯಲ್ಲೇ ಗಾಡಿ ಹತ್ತಿ ಹೋಗಿಯಾಗಿತ್ತು. ಯಾರೋ ಅದನ್ನು ಮಡುವಿನ ಪಕ್ಕದ ಲಕ್ಕಿಗಿಡಕ್ಕೆ ಸಿಕ್ಕಿಸಿದರು. ಬಿಸಾಕಲು ಯಾರಿಗೂ ಮನಸ್ಸು ಬರಲಿಲ್ಲ, ಇಟ್ಟುಕೊಳ್ಳಲೂ ಬರಲಿಲ್ಲ.

ಮಣ್ಣಾದ ಮೂರನೆಯ ದಿನ ಕೆರೆ ಸಂಘದ ಕೊಠಡಿಯಲ್ಲಿ ಊರು ಸೇರಿತು.

"ಕೂಗು ಬಂತು" ಅಂದ ಚಿತ್ರಲಿಂಗಪ್ಪ. "ನಾನು ಕೇಳಿದೆ. ಬರಲಿ ತಾಯಿ ಅಂತ ಬಂತು. ಆಮೇಲೇ ಹಾರೆ ಹಾಕಿದ್ದು."

ಮುರುಗಪ್ಪ ಪ್ರಸನ್ನನ ಕಡೆ ತಿರುಗಿದ. "ಊರೋರಲ್ಲಿ ಅಲ್ಲಿದ್ದೋನು ನೀನೊಬ್ನೇ. ಏನಾತು ಹೇಳು."

ಪ್ರಸನ್ನ ನೆಲ ನೋಡುತ್ತಾ ನಿಂತಿದ್ದ. ತಲೆ ಬೋಳಿಸಿಕೊಂಡ ಮುಖ ಚಿಕ್ಕ ಮಗುವಿನದಂತೆ ಕಾಣುತ್ತಿತ್ತು.

"ಅವ್ವ ಕೂಗ್ಲೇ ಇಲ್ಲ" ಅಂದ. "ಅಪ್ಪ ಕಾಯ್ಲಿಲ್ಲ."

ಮಗನೇ ಹೇಳಿದ ಮೇಲೆ ಕೇಳುವುದೇನು? ಪೊಲೀಸು ಕೇಸು ಬೆಳೆಯದಿರಲಿ ಎಂದು ಮುರುಗಪ್ಪ ದಾರಿ ಹುಡುಕಿದ. ಚಿತ್ರಲಿಂಗಪ್ಪನನ್ನು ದುರ್ಗಕ್ಕೆ ಕರೆದೊಯ್ದು, ಗೊತ್ತಿದ್ದ ಒಬ್ಬ ಡಾಕ್ಟರ ಕೈಲಿ ಈ ಮನುಷ್ಯನಿಗೆ ಎರಡೂ ಕಿವಿ ಮಂದ ಎಂದು ಕಾಗದ ಬರೆಸಿದ. ಕಿವುಡ, ಏನೋ ಕೇಳಿದಂಗಾತು, ಎತ್ತಿದ. ಆಕಸ್ಮಿಕ. ಡಾಕ್ಟರು ಹೊರಗೆ ಮುರುಗಪ್ಪನಿಗೆ ಪಿಸುಮಾತಲ್ಲಿ, "ಇಷ್ಟು ಬರೆದರೆ ಸಾಕಾ?" ಅಂದದ್ದು ಒಳಗೆ ಬೆಂಚಿನ ಮೇಲೆ ಕೂತಿದ್ದ ಚಿತ್ರಲಿಂಗಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು.

ಹಾರೆ ಮಗನಿಗೆ ಹೋಯಿತು. ಈಗ ಪ್ರಸನ್ನನೇ ನೀರುಗಂಟಿ, ಪ್ರಸನ್ನನೇ ಗೈಡು. ಕೂಗು ನಿಂತಿತು. ಕೆಳಗೆ ಸಂಘದ ರಾಮಾಂಜನೇಯ ನಿಂತು ಸೀಟಿ ಊದುತ್ತಿದ್ದ, ಮೇಲೆ ಪ್ರಸನ್ನ ತೂಬು ಎತ್ತುತ್ತಿದ್ದ.

ಆ ವರ್ಷವನ್ನು ಚಿತ್ರಲಿಂಗಪ್ಪ ಹೇಗೆ ಕಳೆದನೋ ಅವನಿಗೇ ಗೊತ್ತು. ಮಗ ಮಾತು ಬಿಟ್ಟ. ಎದುರಿಗೆ ಬಂದರೆ ಗೋಡೆಯನ್ನು ನೋಡಿಕೊಂಡು ಹೋಗುತ್ತಿದ್ದ. ಸುಷ್ಮಿತಾ ಹೊತ್ತೊತ್ತಿಗೆ ಮುದ್ದೆ ಇಡುತ್ತಿದ್ದಳು, ಮಾವನ ಮುಖ ನೋಡುತ್ತಿರಲಿಲ್ಲ. ಊರಿನ ಮಕ್ಕಳಿಗೆ ಹೊಸ ಆಟ ಸಿಕ್ಕಿತು. ಅವನು ಬೀದಿಯಲ್ಲಿ ಹೋಗುವಾಗ ಗೋಡೆಯ ಹಿಂದೆ ಅವಿತುಕೊಂಡು, ಹೆಣ್ಣುದನಿ ಮಾಡಿ, "ಬರಲಿ ತಾಯೀ..." ಅನ್ನುವುದು. ಅವನು ಪ್ರತಿ ಸಲವೂ ಗಕ್ಕನೆ ನಿಲ್ಲುತ್ತಿದ್ದ. ನಿಂತದ್ದು ನೋಡಿ ಅವು ಕಿಸಕ್ಕನೆ ನಕ್ಕು ಓಡುತ್ತಿದ್ದವು. ಚಾದಂಗಡಿಯಲ್ಲಿ ದೊಡ್ಡವರೂ ಬಿಡಲಿಲ್ಲ. "ಚಿತ್ರಣ್ಣ, ಟೀ ಬೇಕಾ? ಏ, ಜೋರಾಗಿ ಕೇಳ್ರೋ, ಬ್ಯಾಡ ಅಂದ್ರೂ ಬೇಕು ಅಂತ ಕೇಳಿಸ್ತೈತೆ ಅವಂಗೆ."

ಅವನು ಜಗಳಕ್ಕೆ ಹೋಗಲಿಲ್ಲ. ಅವನಿಗೆ ಬೇಕಾದದ್ದು ಒಂದೇ. ಯಾರಾದರೂ ಒಬ್ಬರು, ಹೌದು, ಕೂಗು ಬಂದಿತ್ತು, ಅನ್ನಬೇಕು. ಊರೆಲ್ಲ ಅನ್ನದಿದ್ದರೂ ಮಗ ಅನ್ನಬೇಕು. ಹೆಂಡತಿಯನ್ನು ಕೊಂದವನು ಎಂಬ ಮಾತನ್ನು ಹೊತ್ತು ಅವಳ ಪಕ್ಕದ ಮಣ್ಣಿಗೆ ಹೋಗುವುದು ಅವನಿಗೆ ಆಗದ ಮಾತಾಗಿತ್ತು. ಅದಕ್ಕೇ ಪ್ರತಿ ಭಾನುವಾರ ಬೆಳಿಗ್ಗೆ ಬಂದು ಬತೇರಿಯ ಮೆಟ್ಟಿಲ ಬುಡದಲ್ಲಿ ಕೂತುಕೊಳ್ಳುತ್ತಿದ್ದ. ಬಂದವರಲ್ಲಿ ಹಳೆಯ ವಿಡಿಯೋ ನೋಡಿದವರು ಸುಮ್ಮನೆ ತಮಾಷೆಗೆ ಕೂಗುತ್ತಿದ್ದರು, ಬರಲಿ ತಾಯಿ, ಬರಲಿ ತಾಯಿ. ಒಂದೊಂದು ದನಿಯನ್ನೂ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ಸಂತೆಯಲ್ಲಿ ಹಸುವಿನ ಹಲ್ಲು ನೋಡುವವನ ಹಾಗೆ. ಇದಲ್ಲ. ಇದೂ ಅಲ್ಲ. ಆ ದಿನದ ದನಿ ಅವನ ಕಿವಿಯೊಳಗೆ ಹಾಗೇ ಇತ್ತು.

ಈ ವರ್ಷ ಕಾರ್ತೀಕಕ್ಕೆ ಇನ್ನೂ ಎಂಟು ದಿನವಿರುವಾಗ ಅದು ಬಂತು.

"ಬರಲಿ ತಾಯೀ..."

ಕಣ್ಣು ಬಿಟ್ಟ. ಎದುರಿಗೆ ಇಪ್ಪತ್ತೈದರ ಒಬ್ಬಳು ಹುಡುಗಿ, ಕೂಗಿ ನಗುತ್ತಾ ನಿಂತಿದ್ದಳು. ಪಕ್ಕದಲ್ಲಿ ಗಂಡ. ಚಿತ್ರಲಿಂಗಪ್ಪ ಎದ್ದು ಹತ್ತಿರ ಹೋದ.

"ಯಾವೂರವ್ವ ನಿಂದು?"

"ಹಿರಿಯೂರು ಅಜ್ಜ. ನಾನು ಚೈತ್ರಾ, ಇವ್ರು ನಮ್ಮನೆಯೋರು, ಚೇತನ್. ನೀವು ಆ ತೂಬಿನ ಅಜ್ಜ ಅಲ್ವಾ? ವಿಡಿಯೋದಲ್ಲಿ ನೋಡೀನಿ!"

"ಹೋದ ವರ್ಷ ಬಂದಿದ್ರಾ?"

"ಬಂದಿದ್ವಲ್ಲ! ಅವತ್ತು ನಿಮಗೆ ಉತ್ತರ ಕೊಟ್ಟಿದ್ದು ಯಾರು ಅನ್ಕಂಡ್ರಿ? ನಾನೇ!" ಅವಳು ಎದೆ ತಟ್ಟಿಕೊಂಡಳು. "ನಾನು ಕೂಗಿದ್ದೇ ತಡ, ನೀವು ಬಿಟ್ಟೇ ಬಿಟ್ರಿ. ಎಂಥಾ ಟೈಮಿಂಗು ಅಜ್ಜ ನಿಮ್ದು! ನೀರು ಧುಮ್ ಅಂತ ಬಂತು, ನಾವು ಹಂಗೇ ಗಾಡಿ ಹತ್ತಿದ್ವಿ, ಹೊಸದುರ್ಗದಲ್ಲಿ ಊಟಕ್ಕೆ ಹೇಳಿತ್ತು."

"ನೀನೇ ಕೂಗ್ಬೇಕು ಅಂತ ನಿನಗೆ ಹೆಂಗೆ ತಿಳೀತವ್ವ?"

"ಗೈಡು ಹೇಳಿದ್ರು. ಮೊದ್ಲು ಅಜ್ಜಿ ಕೂಗ್ಬೇಕು ಅಂದ್ರು. ಕಾದ್ವಿ, ಕಾದ್ವಿ, ಅಜ್ಜಿ ಪತ್ತೆನೇ ಇಲ್ಲ. ನಮ್ ಗಾಡಿಯೋರೆಲ್ಲ ಲೇಟಾತು ಅಂತ ಬೈಯಕ್ಕೆ ಶುರು ಮಾಡಿದ್ರು. ತಡೀರಿ, ಐತೆ ನನ್ ಹತ್ರ."

ಅವಳು ಫೋನಿನಲ್ಲಿ ಹುಡುಕಿ, ಅವನ ಕಿವಿಯ ಹತ್ತಿರ ಹಿಡಿದಳು. ಮೊದಲು ಅವನದೇ ಕೂಗು, ದೂರದಿಂದ. ಆಮೇಲೆ ಜನರ ಗಲಾಟೆ. ಆಮೇಲೆ ಮಗನ ದನಿ, ನಗುತ್ತಾ: "ನಮ್ಮವ್ವ ಎಲ್ಲೋ ಕುಂತ್ಬಿಟ್ಟೈತೆ. ಅಕ್ಕ, ನೀವೇ ಕೂಗ್ಬಿಡ್ರಿ. ಅಪ್ಪಂಗೆ ಗೊತ್ತಾಗಲ್ಲ." ಆಮೇಲೆ ಇವಳ ದನಿ. ಚಪ್ಪಾಳೆ, ಸಿಳ್ಳೆ. ಆ ಸಿಳ್ಳೆಗಳ ಅಡಿಯಲ್ಲಿ, ಎಲ್ಲೋ ಕಲ್ಲಿನ ಹಿಂದಿನಿಂದ, ಕಟ್ಟಿದ ಗಂಟಲಿನದು ಒಂದು ದನಿ:

"ಬ್ಯಾಡಾ... ಲೇ ಪ್ರಸನ್ನಾ, ಬ್ಯಾಡಾ..."

ಎರಡು ಸಲ. ಆಮೇಲೆ ನೀರಿನ ಸದ್ದು.

"ಕೊನೇಲಿ ಯಾರೋ ಹಿಂದೆ ಕೂಗ್ತಾವ್ರೆ ನೋಡ್ರಿ" ಅಂದಳು ಚೈತ್ರಾ. "ಚೆನ್ನಾಗಿ ಕೇಳಲ್ಲ ಅಂತ, ವಿಡಿಯೋ ಬಿಡೋವಾಗ ಅದನ್ನ ತೆಗೆದು ಹಾಡು ಹಾಕಿದ್ವಿ. ಅಜ್ಜಿ ಎಲ್ಲಿ? ಇವತ್ತು ಬಂದಿಲ್ವಾ?"

ಕಿವಿ ಮಂದ ಎಂದು ಕಾಗದವಿದ್ದ ಮನುಷ್ಯ ಆ ಹುಡುಗಿಯ ಮುಖವನ್ನೇ ನೋಡುತ್ತಾ ನಿಂತ. ಒಳ್ಳೆಯ ಮುಖ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಇಲ್ಲೇ ಅವ್ಳೆ" ಅಂದ. "ಇನ್ನೊಂದ್ಸಲ ಕೇಳಿಸವ್ವ."

ಅವಳು ಇನ್ನೊಮ್ಮೆ ಕೇಳಿಸಿದಳು. ತಲೆ ಎತ್ತಿದಾಗ ಮೆಟ್ಟಿಲ ಮೇಲೆ ಪ್ರಸನ್ನ ನಿಂತಿದ್ದ. ಹುಡುಗಿಯನ್ನು ನೋಡಿದ, ಫೋನನ್ನು ನೋಡಿದ, ಒಂದು ವರ್ಷದ ಮೇಲೆ ಮೊದಲ ಸಲ ಅಪ್ಪನ ಮುಖವನ್ನು ನೋಡಿದ. ಬಾಯಲ್ಲಿದ್ದ ಸೀಟಿ ಕೆಳಗೆ ಬಿದ್ದು ಕೊರಳ ದಾರಕ್ಕೆ ಜೋತಾಡಿತು.

ಆ ಸಂಜೆ ಮನೆಯಲ್ಲಿ ಮೂವರೂ ಊಟಕ್ಕೆ ಕೂತರು. ಪ್ರಸನ್ನ ಮುದ್ದೆ ಮುರಿಯಲಿಲ್ಲ. ಹೆಂಡತಿಯ ಕಡೆ ನೋಡಿ ಹೇಳಿದ:

"ಆ ಹುಡ್ಗಿ ಏನಂದ್ಲಂತೆ, ಕೇಳು."

ಚಿತ್ರಲಿಂಗಪ್ಪನೂ ಸೊಸೆಗೇ ಹೇಳಿದ.

"ಏನೂ ಅನ್ಲಿಲ್ಲ ಅಂತ ಹೇಳವ್ವ ನಿನ್ನ ಗಂಡಂಗೆ. ನನಗೆ ಕಿವಿ ಎಲ್ಲಿ ಕೇಳ್ತೈತೆ? ಇನ್ನೊಂದು ಮಾತು ಹೇಳು. ಬರೋ ಭಾನ್ವಾರದಿಂದ ಕೆಳಗಿನ ಕಲ್ಲಿನ ಮ್ಯಾಲೆ ನಾನು ಕುಂತ್ಕಂತೀನಿ. ಅವನು ಮ್ಯಾಲಿಂದ ಕೂಗ್ಲಿ. ಬರಲಿ ಅನ್ನೋದು ನಾನು." ತಟ್ಟೆಯನ್ನು ಬೆರಳಿನಿಂದ ಒಮ್ಮೆ ತಟ್ಟಿದ. "ಒಂದೇ ಒಲೆ ಅನ್ನ ಉಂಡಿದೀವಲ್ಲ. ಕಟ್ಟಳೆಗೆ ಸರಿ ಹೋಗ್ತೈತೆ."

ಸುಷ್ಮಿತಾಳಿಗೆ ಏನೂ ತಿಳಿಯಲಿಲ್ಲ. ಗಂಡ ತಟ್ಟೆ ಬಿಟ್ಟು ಎದ್ದು ಹೋದದ್ದು ಮಾತ್ರ ನೋಡಿದಳು.

ಮುರುಗಪ್ಪನಿಗೆ ಸುದ್ದಿ ಕೇಳಿ ಖುಷಿಯೋ ಖುಷಿ. ಸೀಟಿಯಲ್ಲಿ ಮಜಾ ಇಲ್ಲ, ಆ ಕೂಗು ಎಲ್ಲಿ ಹೋಯ್ತು, ಎಂದು ಬಂದವರೆಲ್ಲ ಕೇಳುತ್ತಿದ್ದರು. "ಮ್ಯಾಲೆ ಮಗ, ಕೆಳಗೆ ಅಪ್ಪ. ವಿಡಿಯೋಗೆ ಇದೇ ಚೆಂದ" ಅಂದ. ಪ್ರಸನ್ನ ಬೇಡವೆಂದರೂ ಯಾಕೆ ಬೇಡ ಎಂದು ಹೇಳಲಾರದೆ ಹೋದ.

ಭಾನುವಾರ ಮೂರು ಟಿಟಿ, ಭರಮಸಾಗರದ ಒಂದು ಸ್ಕೂಲ್ ಬಸ್ಸು. ಮೆಟ್ಟಿಲ ತುಂಬ ಜನ. ಚಿತ್ರಲಿಂಗಪ್ಪ ಒಗೆದ ಪಂಚೆ ಉಟ್ಟು ಬಂದು ಚಪ್ಪಟೆ ಕಲ್ಲಿನ ಮೇಲೆ ನಿಂತ. ಮಡುವಿನಲ್ಲಿ ಆಡುತ್ತಿದ್ದವರನ್ನೆಲ್ಲ ಎಬ್ಬಿಸಿ ದಡ ಸೇರಿಸಿದ. ಆಮೇಲೆ, ಎಲ್ಲರೂ ಬಂಡೆಯ ಅಂಚಿಗೆ ಫೋನು ಹಿಡಿದಿರುವಾಗ, ಪಂಚೆ ಎತ್ತಿ ಕಟ್ಟಿ, ತಾನು ನೀರಿಗಿಳಿದು, ಒಂದೊಂದೇ ಹೆಜ್ಜೆ ಇಟ್ಟು ಆನೆಗುಂಡಿನ ಹಿಂದೆ ಹೋಗಿ, ಅಲ್ಲಿದ್ದ ಒಂದು ಕಲ್ಲಿನ ಮೇಲೆ ಕೂತ. ಲಕ್ಕಿಗಿಡದಲ್ಲಿ ಚಪ್ಪಲಿ ಇನ್ನೂ ಹಾಗೇ ಇತ್ತು. ಬಿಸಿಲಿಗೆ ಬಣ್ಣ ಹೋಗಿತ್ತು.

ಮೇಲಿಂದ ಮಗನ ಕೂಗು ಬಂತು.

"ಗಂಗವ್ವ ಹೊಂಟವ್ಳೇ... ದಾರಿ ಬಿಡ್ರೋ..."

ಮೂರು ಸಲ ಬಂತು. ಚಿತ್ರಲಿಂಗಪ್ಪ ಸೊಂಟದಿಂದ ಎಲೆಅಡಿಕೆಯ ಚೀಲ ಬಿಚ್ಚಿದ.

ಕೆಳಗೆ ಜನ ಕಾದರು. ಮಕ್ಕಳು ಕೂಗಿದವು, "ಬರಲಿ ತಾಯೀ!" ದೊಡ್ಡವರೂ ಸೇರಿಕೊಂಡರು. ನೂರು ಗಂಟಲು ಒಟ್ಟಿಗೆ, ಬರಲಿ ತಾಯೀ, ಬರಲಿ ತಾಯೀ. ಗುಡ್ಡವೇ ಕೂಗಿದಂತಾಯಿತು. ನೀರು ಬರಲಿಲ್ಲ. ಮುರುಗಪ್ಪ ಫೋನು ಹಚ್ಚಿ ಒದರಿದ:

"ಎತ್ತಲೇ ಪ್ರಸನ್ನ! ಜನ ಇಷ್ಟು ಕೂಗ್ತಾವ್ರೆ, ಕೇಳಲ್ವಾ?"

"ಅಪ್ಪ ಎಲ್ಲವ್ನೆ?"

"ಅಪ್ಪ... ಏ ರಾಮಾಂಜನೇಯ, ಎಲ್ಲೋ ಮುದುಕ? ... ಕಾಣ್ತಿಲ್ಲ ಕಣೋ. ಎಲ್ಲೋ ಹೋಗವ್ನೆ, ನೀನು ಎತ್ತು."

"ಅಪ್ಪ ಕೂಗಿಲ್ಲ."

"ಅವನು ಕಿವುಡ ಕಣಲೇ, ಕಾಗದ ಐತೆ! ನಿನ್ನ ಕೂಗು ಅವಂಗೆ ಕೇಳಿದ್ರೆ ತಾನೆ? ಎತ್ತು!"

ಪ್ರಸನ್ನ ಎತ್ತಲಿಲ್ಲ. ಬಂದವರ ಉತ್ತರ ಎಂಥದ್ದು ಎಂಬುದು ಆ ಗುಡ್ಡದ ಮೇಲೆ ಅವನೊಬ್ಬನಿಗೇ ಚೆನ್ನಾಗಿ ಗೊತ್ತಿತ್ತು. ಅಪ್ಪ ಎಲ್ಲಿ ಕೂತಿರಬಹುದು ಎಂಬುದೂ ಗೊತ್ತಿತ್ತು. ಮತ್ತೆ ಮೂರು ಸಲ ಕೂಗಿದ. ಕಾದ. ಮತ್ತೆ ಕೂಗಿದ. ಜನರಿಗೆ ಮೊದಲು ತಮಾಷೆಯಾಯಿತು, ಆಮೇಲೆ ಬೇಜಾರಾಯಿತು. "ಇದೇನ್ರೀ ಫಾಲ್ಸು, ಬರೀ ಕೂಗಾಟ" ಎಂದು ಒಂದು ಟಿಟಿಯವರು ಹೊರಟರು. ಮೇಷ್ಟರು ಮಕ್ಕಳನ್ನು ಸಾಲು ಹಿಡಿಸಿ ಬಸ್ಸಿಗೆ ಹತ್ತಿಸಿದರು. ಮುರುಗಪ್ಪ ಬೈಯುತ್ತಾ ಗಾಡಿಗಳ ಹಿಂದೆ ಓಡಿದ.

ಬಿಸಿಲು ನೆತ್ತಿಗೆ ಬಂತು. ಮೆಟ್ಟಿಲು ಖಾಲಿಯಾಯಿತು, ಕೋತಿಗಳು ಮತ್ತೆ ಬಂಡೆಗೆ ಬಂದವು. ಮೇಲಿನ ಕೂಗು ಮಾತ್ರ ನಿಲ್ಲಲಿಲ್ಲ. ಇಳಿದು ಬಂದು ನೋಡಲು ಅವನಿಗೆ ಹೆಜ್ಜೆ ಬರಲಿಲ್ಲವೋ, ಅಥವಾ ನೋಡಿದರೆ ಏನು ಕಾಣುತ್ತದೋ ಎಂಬ ಭಯವೋ. ಕಂಬದ ಹತ್ತಿರವೇ ನಿಂತು ಕೂಗುತ್ತಿದ್ದ. ಕೂಗು ಕೂಗುತ್ತಾ ಬದಲಾಯಿತು. ಗಂಗವ್ವ ಹೋದಳು, ದಾರಿ ಬಿಡ್ರೋ ಹೋಯಿತು. ಬರೀ ಒಂದು ಪದ ಉಳಿಯಿತು.

"ಅಪ್ಪಾ..."

ಒಂದು ವರ್ಷ ಆ ಪದಕ್ಕಾಗಿ ಜಗುಲಿಯ ಮೇಲೆ ಕಾದು ಕೂತಿದ್ದ ಮನುಷ್ಯನಿಗೆ ಅದು ಕೇಳಿಸಿತು. ಗಾಳಿಗೆ ಲಕ್ಕಿಯ ಎಲೆ ಅಲುಗಿದ್ದು ಕೇಳಿಸಿತು. ಮಡುವಿನ ಆಚೆ ಕಪ್ಪೆಯೊಂದು ನೀರಿಗೆ ಬಿದ್ದದ್ದು ಕೇಳಿಸಿತು.

"ಅಪ್ಪಾ... ಅನ್ನಪ್ಪಾ... ಬರಲಿ ಅನ್ನದಿದ್ರೆ ಬ್ಯಾಡ ಅಂತಾದ್ರೂ ಅನ್ನಪ್ಪಾ..."

ಮಗನ ಗಂಟಲು ಒಡೆದಿತ್ತು. ಕಷಾಯ ಕಾಸಿಕೊಡಬೇಕಾದಂಥ ಗಂಟಲು.

ಚಿತ್ರಲಿಂಗಪ್ಪ ಎಲೆಯ ನಾರು ತೆಗೆದು, ಬೆರಳ ತುದಿಯಿಂದ ನಿಧಾನವಾಗಿ ಸುಣ್ಣ ಸವರಿದ.